ಮೂರನೆಯ ಕೂಗು

ಮೂಲೆಯಲ್ಲೊಂದು ಸುಕ್ಕು, ಎಷ್ಟು ಸಲ ಇಸ್ತ್ರಿ ಎಳೆದರೂ ಹೋಗುತ್ತಿಲ್ಲ, ಗಂಜಿ ಅಲ್ಲಿ ಮುದ್ದೆಗಟ್ಟಿ ಕೂತಿರಬೇಕು, ವಿಲ್ಮಾ ಬೆರಳನ್ನು ನೀರಲ್ಲದ್ದಿ ಚಿಮುಕಿಸಿದಳು, ಚುಂಯ್ ಎಂದು ಆವಿ ಎದ್ದು ಮುಖಕ್ಕೆ ಬಡಿಯಿತು, ಬೆಂದ ಅಕ್ಕಿಯ ವಾಸನೆ — ಬೇಡ, ಆ ವಾಸನೆಯ ದಾರಿ ಹಿಡಿದು ಹೋಗುವುದು ಬೇಡ, ಬಟ್ಟೆ ನೋಡು, ಬಟ್ಟೆ — ಪೀಠದ ಮೇಲೆ ಹಾಸುವ ಬಿಳಿ ಬಟ್ಟೆ, ಅತ್ತೆಯ ಕಾಲದ್ದು, ಅಂಚಿನ ಕಸೂತಿಯೂ ಅತ್ತೆಯ ಕೈಯದೇ, ಭಾನುವಾರದೊಳಗೆ ಮಡಿಸಿ ಪಾದ್ರಿ ದೋನ್ ಚೆಲೆಸ್ತೀನೊ ಕೈಗಿಡಬೇಕು, ಅವರಿಗೆ ಒಂದು ಸುಕ್ಕೂ ಆಗದು, ದೇವ್ರು ಸುಕ್ಕನ್ನ ಕ್ಷಮಿಸ್ತಾನೆ ವಿಲ್ಮಾ, ಬಿಷಪ್ಪರು ಕ್ಷಮಿಸಲ್ಲ, ಹಾಗೆ ಹೇಳಿ ತಾವೇ ನಗುತ್ತಾರೆ, ಅವಳೂ ನಗುತ್ತಾಳೆ, ನಲವತ್ತು ವರ್ಷದಿಂದ ನಗುತ್ತಿದ್ದಾಳೆ. ಕಿಟಕಿಯಾಚೆ ಮಂಜು, ಕೆರೆಗಳ ಕಡೆಯಿಂದ ಎದ್ದು ಇಡೀ ಮಾಂತೊವಾ ಊರನ್ನೇ ನುಂಗಿದ ನವೆಂಬರಿನ ಮಂಜು, ಎದುರಿನ ಕಮಾನುಸಾಲೂ ಕಾಣದು, ಗೋಡೆಯಾಚೆ ಇಗರ್ಜಿ, ಅವಳ ಅಡುಗೆಮನೆಗೂ ಅದಕ್ಕೂ ಒಂದೇ ಗೋಡೆ, ಐನೂರು ವರ್ಷದ್ದು, ಒಂದೂವರೆ ಮೊಳ ದಪ್ಪ, ಅಷ್ಟು ದಪ್ಪ ಗೋಡೆಯಾಚೆಯಿಂದ ಸದ್ದು ಬರದು ಎಂದು ಜನ ತಿಳಿಯುತ್ತಾರೆ, ಬರುತ್ತದೆ. ಮಡಿಸಿದ ಬಟ್ಟೆಗಳನ್ನು ಇಡಲು ಕಪಾಟು ತೆಗೆದರೆ ಮೂರನೆಯ ಅರೆಯಲ್ಲಿ ಲಕೋಟೆ, ಅಂಟಿಸಿಯಾಗಿದೆ, ವಿಳಾಸ ಬರೆದಾಗಿದೆ, ನೆರಿನಾ ಪೆರ್ಸೋಲ್ಯ, ಗೊರಿಟ್ಸಿಯಾ, ಫೆಬ್ರವರಿಯಿಂದ ಅಲ್ಲೇ ಮಲಗಿದೆ, ಅದಕ್ಕೂ ಮೊದಲು ಬರೆದು ಹರಿದದ್ದು ಎಷ್ಟೋ, ಚಳಿ ಕಳೆಯಲಿ ಹಾಕುತ್ತೇನೆ, ಈಸ್ಟರ್ ಆಗಲಿ ಹಾಕುತ್ತೇನೆ, ಬೇಸಿಗೆಯಲ್ಲಿ ಜನ ಊರಲ್ಲಿರುವುದಿಲ್ಲ, ಕಾಗದ ಬಾಗಿಲಲ್ಲೇ ಬಿದ್ದಿರುತ್ತದೆ, ಬೇಸಿಗೆ ಕಳೆಯಲಿ — ಕರೆಗಂಟೆ.

ಇಸ್ತ್ರಿಯ ತಂತಿ ಕಿತ್ತು, ಏಪ್ರನ್ ಬಿಚ್ಚಿ, ಮೊಳೆಯಿಂದ ಕೀಲಿಕೈ ತೆಗೆದಳು, ಅಂಗೈಯಷ್ಟುದ್ದದ ಕಬ್ಬಿಣ, ಚಳಿಗೆ ಹಲ್ಲಿನ ಹಾಗೆ ಕೊರೆಯುತ್ತದೆ. ಬಾಗಿಲಲ್ಲಿ ಗಂಡ ಹೆಂಡತಿ, ಬ್ರೆಷಾ ಊರಿನವರಂತೆ, ಅವನು ಉದ್ದ ಕೋಟು, ಕಪ್ಪು ಟೋಪಿ, ಇವಳು ಕೆಂಪು ಟೋಪಿ, ಡ್ಯೂಕರ ಅರಮನೆ ನೋಡಿ ಬಂದಿದ್ದಾರೆ, ದೈತ್ಯರ ಮೇಲೆ ಕಂಬಗಳು ಕುಸಿದು ಬೀಳುವ ಚಿತ್ರದ ಕೋಣೆ ನೋಡಿ ಬಂದಿದ್ದಾರೆ, ಇಗರ್ಜಿಯ ಬಾಗಿಲಿಗೆ ಅಂಟಿಸಿದ ಚೀಟಿ ಓದಿ ಇಲ್ಲಿಗೆ ಬಂದಿದ್ದಾರೆ, ಕೀಲಿಕೈ ಪಕ್ಕದ ಮನೆಯ ವಿಲ್ಮಾ ಅವರಲ್ಲಿದೆ, ಗಂಟೆ ಒತ್ತಿ. ತೊಂದ್ರೆ ಕೊಟ್ವಾ ಸಿನ್ಯೋರಾ, ಎಂದಳು ಕೆಂಪು ಟೋಪಿ, ನಮ್ಮೆಜಮಾನ್ರಿಗೆ ಮುಚ್ಚಿರೋ ಬಾಗಿಲು ಕಂಡ್ರೆ ಸಾಕು, ಒಳಗೇನಿದೆ ಅಂತ ನೋಡ್ದೆ ನಿದ್ದೆ ಬರಲ್ಲ. ಗಂಡ ಬಿಡಲಿಲ್ಲ, ಹೂಂ, ಮೂವತ್ತು ವರ್ಷದ ಹಿಂದೆ ಇವಳಪ್ಪನ ಮನೆ ಬಾಗಿಲೂ ಮುಚ್ಚಿತ್ತು, ತೆಗೆಸಿದ್ದೇ ತಪ್ಪಾಯ್ತು. ವಿಲ್ಮಾ ನಗಲಿಲ್ಲ, ನಗಬೇಕಿತ್ತೋ ಏನೋ, ಇಪ್ಪತ್ತು ಹೆಜ್ಜೆ ನಡೆದು ಬೀಗ ತಿರುಗಿಸಿದಳು, ಎರಡು ಸುತ್ತು, ಮೇಣದ ವಾಸನೆ, ತಣ್ಣನೆ ಸುಣ್ಣದ ವಾಸನೆ. ಉಣ್ಣೆ ವ್ಯಾಪಾರಿಯೊಬ್ಬ ಕಟ್ಟಿಸಿದ ದುಂಡನೆಯ ಇಗರ್ಜಿ, ಬೂದುಬಣ್ಣದ ಎಂಟು ಕಂಬ, ಮೇಲೆ ಎಂಟು ಕಿಟಕಿ, ಅವುಗಳ ಮೇಲೆ ಗುಮ್ಮಟ, ಒಂದು ಪಕ್ಕದಲ್ಲಿ ಚಿಕ್ಕ ಬಾಗಿಲು, ಅದರ ಹಿಂದೆ ಗುಮ್ಮಟದ ಕಟ್ಟೆಗೆ ಹತ್ತುವ ಸುತ್ತುಮೆಟ್ಟಿಲು, ಆ ಬಾಗಿಲಿಗೆ ಈಗ ಕಬ್ಬಿಣದ ಪಟ್ಟಿ ಬಡಿದಿದ್ದಾರೆ. ಆಗ ಇರಲಿಲ್ಲ. ಆಗ ಬೆಳಗ್ಗೆ ತೆಗೆಯುವುದು, ಹನ್ನೆರಡೂವರೆಗೆ ಹಾಕುವುದು, ಮತ್ತೆ ಮೂರಕ್ಕೆ ತೆಗೆಯುವುದು, ಅತ್ತೆ ಕೀಲಿಕೈ ಕೊಟ್ಟ ದಿನವೇ ಮೆಟ್ಟಿಲ ಬುಡಕ್ಕೆ ಕರೆದುಕೊಂಡು ಬಂದು ಹೇಳಿಕೊಟ್ಟಿದ್ದರು, ಇಲ್ಲಿ ನಿಂತ್ಕೊ, ತಲೆ ಎತ್ತು, ಬಾಗಿಲು ಹಾಕ್ತೀನಿ ಅಂತ ಮೂರು ಸಲ ಕೂಗು, ಒಂದೊಂದು ಕೂಗೂ ಮೇಲೆ ಸುತ್ತಿ ವಾಪಸ್ ಬರೋವರೆಗೂ ಕಾಯಬೇಕು, ಮೊದಲನೇದು ಗುಮ್ಮಟ ತಿನ್ನತ್ತೆ, ಎರಡನೇದು ಪಾರಿವಾಳಕ್ಕೆ ಹೋಗತ್ತೆ, ಮೂರನೇದೇ ಮನುಷ್ಯರಿಗೆ ಕೇಳಿಸೋದು, ತಿಳೀತಾ ಹುಡುಗಿ. ತಿಳಿಯಿತು ಅತ್ತೆ. ಮೂವತ್ತೊಂದು ವರ್ಷ ಕೂಗಿದಳು, ಮೇಲೆ ಯಾರೂ ಹತ್ತದ ದಿನವೂ ಕೂಗಿದಳು, ಗಂಟಲು ಕಟ್ಟಿದ ದಿನ ಪಾತ್ರೆಯ ಮೇಲೆ ಚಮಚ ಬಡಿದಳು.

ಆಹಾ, ಎಂದ ಬ್ರೆಷಾದವನು, ಕತ್ತು ಹಿಂದಕ್ಕೆ ಚಾಚಿ, ಏನು ಅಳತೆ ನೋಡು, ಎಲ್ಲಿ ನಿಂತ್ರೂ ನಡುವಲ್ಲೇ ನಿಂತ ಹಾಗಿದೆ — ಮೇಷ್ಟ್ರೂ ಹೀಗೇ ಕತ್ತು ಚಾಚಿದ್ದರು, ಇದೇ ಕಲ್ಲಿನ ಮೇಲೆ, ಅದು ಒಂಬತ್ತು ವರ್ಷದ ಹಿಂದಿನ ಮಾರ್ಚ್, ಬಿಸಿಲಿತ್ತು, ಎಂಟು ಕಿಟಕಿಗಳಲ್ಲಿ ಮೂರರಿಂದ ಬಿಸಿಲು ಬಿದ್ದಿತ್ತು, ಎಜಿದಿಯೊ ಪೆರ್ಸೋಲ್ಯ, ಗೊರಿಟ್ಸಿಯಾದ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬಿಡಿಸುವುದನ್ನು ಕಲಿಸಿ ನಿವೃತ್ತರಾದವರು, ಇಷ್ಟುದ್ದ ಮನುಷ್ಯ, ಕೈಯಲ್ಲಿ ಚೌಕಳಿ ಕಾಗದದ ಪುಸ್ತಕ, ಪೆನ್ಸಿಲಿಗೆ ದಾರ ಕಟ್ಟಿ ಕೋಟಿನ ಗುಂಡಿಗೆ ಸಿಕ್ಕಿಸಿಕೊಂಡಿದ್ದರು, ಕಳೆದುಹೋಗುತ್ತೆ ಅಂತ ನನ್ನ ಮಗಳು ಕಟ್ಟಿಕೊಟ್ಟಳು, ಎಂದರು, ತಾವೇ ನಾಚಿಕೊಂಡರು. ನಿಮಗೆ ಗೊತ್ತಾ ಸಿನ್ಯೋರಾ, ಇದರ ಎತ್ತರ ಅಗಲ ಎರಡೂ ಒಂದೇ ಅಂತಾರೆ, ಒಂದು ದೊಡ್ಡ ಚೆಂಡು ಇಟ್ರೆ ಸರಿಯಾಗಿ ಕೂರತ್ತಂತೆ, ನಿಜವೋ ಸುಳ್ಳೋ ಮೇಲಿಂದ ನೋಡ್ಬೇಕು ಅಂತ ಆಸೆ, ಹೋಗಬಹುದಾ. ಕೇಳಿದರು. ಹೋಗಬಹುದಾ ಎಂದು ಕೇಳಿದರು, ಮೆಟ್ಟಿಲ ಬಾಗಿಲಿಗೆ ಅಡ್ಡ ಕಟ್ಟಿದ್ದ ಸರಪಳಿಯ ಈಚೆಗೆ ನಿಂತು, ಟೋಪಿ ಕೈಯಲ್ಲಿ ಹಿಡಿದು ಕೇಳಿದರು. ಸರಪಳಿಯ ಕೊಂಡಿ ಬಿಚ್ಚಿದ್ದು ಅವಳು, ಹೋಗಿ ಮೇಷ್ಟ್ರೇ, ನಿಧಾನ, ನಾನು ಕೂಗ್ತೀನಿ, ಕೂಗಿದಾಗ ಇಳಿದು ಬನ್ನಿ. ಅವರು ಬೆಂಚಿನ ಮೇಲೆ ಕೂತು ಬೂಟು ಬಿಚ್ಚಿದರು, ಯಾಕೆ ಎಂದರೆ ಚರ್ಮದ ಅಟ್ಟೆ ಜಾರತ್ತೆ, ಮೇಲಾಗಿ ಅಷ್ಟು ಹಳೇ ಇಟ್ಟಿಗೆ ಮೆಟ್ಟಿಲು, ನನ್ನಿಂದ ಒಂದು ಚೂರೂ ಸವೆಯೋದು ಬೇಡ, ಎಂದರು, ಕಂದು ಬೂಟು, ಜೋಡಿಸಿ ಬೆಂಚಿನ ಕೆಳಗೆ ತಳ್ಳಿದರು, ಗೋಡೆಗೆ ಮುಖ ಮಾಡಿ, ಮನೆಯಲ್ಲಿ ಇಡುವ ಹಾಗೆ. ಹನ್ನೊಂದೂಮುಕ್ಕಾಲು. ಆಮೇಲೆ ಹೂವಿನವನು ಬಂದ, ಮದುವೆಯ ಹೂವು, ಆರು ಹೂದಾನಿ, ನೀರು ತುಂಬಿ ತುಂಬಿ ಸೊಂಟ ಬಿತ್ತು, ಆಮೇಲೆ ಗಡಿಯಾರ ನೋಡಿದಳು, ಗಂಡ ಬ್ರೂನೊ ಒಂದು ಗಂಟೆಗೆ ಊಟಕ್ಕೆ ಕೂರುತ್ತಾನೆ, ರೈಲ್ವೆಯಲ್ಲಿ ದುಡಿದವನು, ರೈಲು ತಡವಾಗಿ ಬಂದರೂ ಊಟ ತಡವಾಗಬಾರದು, ಒಲೆಯ ಮೇಲೆ ನೀರು ಕುದಿಯುತ್ತಿದೆ, ಅಕ್ಕಿಯನ್ನು ಅದರಲ್ಲಿ ಗೋಪುರದ ಹಾಗೆ ಸುರಿಯಬೇಕು, ಅಳತೆ ತಪ್ಪಿದರೆ ಗಂಜಿ, ಹೊತ್ತು ತಪ್ಪಿದರೆ ಗಂಜಿ, ಎರಡು ಕೈಯಲ್ಲಿ ಎರಡು ಖಾಲಿ ಹೂದಾನಿ, ಮೆಟ್ಟಿಲ ಬಾಗಿಲನ್ನು ಸೊಂಟದಿಂದ ತಳ್ಳಿದಳು, ಒಂದು ಹೂದಾನಿ ಕಂಕುಳಲ್ಲಿ ಸಿಕ್ಕಿಸಿ ಬೀಗ ತಿರುಗಿಸಿದಳು, ಹೊರಗೆ ಬಂದು ದೊಡ್ಡ ಬಾಗಿಲಿಗೂ ಹಾಕಿದಳು, ಕೂಗಲಿಲ್ಲ, ಒಂದನೆಯದೂ ಇಲ್ಲ, ಎರಡನೆಯದೂ ಇಲ್ಲ.

ಸಿನ್ಯೋರಾ ಇದು ಯಾರ ಚಿತ್ರ, ಎಂದು ಕೆಂಪು ಟೋಪಿ ಕೇಳುತ್ತಿದ್ದಾಳೆ, ಸಂತ ಲೂಚಿಯಾ, ತಟ್ಟೆಯಲ್ಲಿ ಕಣ್ಣು ಹಿಡಿದಿದ್ದಾಳೆ ನೋಡಿ, ಎಂದಳು, ಬಾಯಿ ತಾನಾಗಿಯೇ ಹೇಳಿತು, ಬಾಯಿಗೆ ಅಭ್ಯಾಸವಾಗಿದೆ, ಅಯ್ಯೋ ಇದನ್ನ ನೋಡಿದ ಮೇಲೆ ಊಟ ಸೇರತ್ತಾ — ಸೇರುತ್ತದೆ, ಊಟ ಸೇರುತ್ತದೆ, ವಿಲ್ಮಾಗೆ ಗೊತ್ತು, ಅನ್ನ ಅಂದು ಒಂದೊಂದು ಅಗುಳೂ ಬಿಡಿಬಿಡಿಯಾಗಿ ಬಂದಿತ್ತು, ಹಂದಿಮಾಂಸ ಹುರಿದು ಕಲಸಿ, ಮೇಲೆ ಗಿಣ್ಣು ತುರಿದು, ಎರಡು ತಟ್ಟೆಗೆ ಬಡಿಸಿ ಕೂತಳು, ಆಗ ಗೋಡೆಯೊಳಗಿಂದ, ದಬ್ ದಬ್ ದಬ್. ಬ್ರೂನೊ ತಲೆಯೆತ್ತಿದ, ಯಾರೋ ಬಡೀತಿದಾರೆ ಕಣೇ. ಪಾರಿವಾಳ, ನೀನು ಉಣ್ಣು. ಎರಡು ತುತ್ತು. ಮತ್ತೆ ದಬ್ ದಬ್ ದಬ್, ಚಮಚ ಬಾಯಿಯ ಹತ್ತಿರ ಬಂದಿತ್ತು, ಆಗ ನೆನಪಾಯಿತು, ಆಗಲೇ ನೆನಪಾಯಿತು, ಮೂರಕ್ಕಲ್ಲ, ಸಂಜೆಗಲ್ಲ, ಚಮಚ ಅಲ್ಲಿದ್ದಾಗಲೇ, ಮೇಷ್ಟ್ರು — ಏಳಬೇಕು, ಎದ್ದರೆ ಬ್ರೂನೊ ಕೇಳುತ್ತಾನೆ, ಎಲ್ಲಿಗೆ, ಮನುಷ್ಯನನ್ನು ಒಳಗಿಟ್ಟು ಬೀಗ ಹಾಕಿ ಬಂದೆ ಎನ್ನಬೇಕು, ಆಮೇಲೆ ಆಯುಸ್ಸಿರುವ ತನಕ ಅಣಕ, ತಂಬಾಕಿನಂಗಡಿಯಲ್ಲೂ ಹೇಳುತ್ತಾನೆ, ನಮ್ಮವಳು ಸಂದರ್ಶಕರನ್ನ ಉಪ್ಪಿನಕಾಯಿ ಹಾಕ್ತಾಳೆ ಎನ್ನುತ್ತಾನೆ, ಅನ್ನ ಬಿಸಿಯಿದೆ, ಐದು ನಿಮಿಷ, ಮೇಲೆ ಬೆಳಕಿದೆ, ಬರೆದುಕೊಳ್ಳುತ್ತಿರಲಿ, ಐದು ನಿಮಿಷ ಅಷ್ಟೇ. ಐದು ನಿಮಿಷದೊಳಗೆ ಸದ್ದು ನಿಂತಿತು. ನಿಂತಿತು, ಅಂದರೆ ಮತ್ತೆ ಮೇಲೆ ಹೋದರು, ಒಳ್ಳೆಯದಾಯಿತು, ಎಂದುಕೊಂಡಳು, ಪಾತ್ರೆ ತೊಳೆದಳು, ಬ್ರೂನೊ ಮಲಗಿದ, ಅವಳೂ ಕುರ್ಚಿಯಲ್ಲಿ ಕಣ್ಣು ಮುಚ್ಚಿದಳು, ನಿದ್ದೆಯೂ ಬಂತು, ಅದನ್ನು ಕಾಗದದಲ್ಲಿ ಬರೆಯುವುದಕ್ಕೇ ವರ್ಷಗಳು ಬೇಕಾದವು, ನಿದ್ದೆಯೂ ಬಂತು ಎಂಬ ಎರಡು ಪದ. ಮೂರಕ್ಕೆ ಹತ್ತು ನಿಮಿಷವಿದ್ದಾಗ ದೊಡ್ಡ ಬಾಗಿಲು ತೆಗೆದರೆ ಬಿಸಿಲು ಜರುಗಿ ಬೆಂಚಿನ ಕೆಳಗೆ ಬಿದ್ದಿತ್ತು, ಬೂಟುಗಳು, ಗೋಡೆಗೆ ಮುಖ ಮಾಡಿಕೊಂಡ ಜೋಡಿ ಬೂಟುಗಳು, ಚಿಕ್ಕ ಬಾಗಿಲ ಬೀಗ ತಿರುಗಿಸಿದರೆ ಬಾಗಿಲು ಎಳೆಯುವ ಮೊದಲೇ ಈಚೆಗೆ ಬಂತು, ಭಾರದ ಜೊತೆ ಬಂತು, ಅವರು ಕೊನೆಯ ಮೆಟ್ಟಿಲಲ್ಲಿ ಕೂತು ಬಾಗಿಲಿಗೆ ಒರಗಿಕೊಂಡಿದ್ದರು, ಪೆನ್ಸಿಲು ಗುಂಡಿಯಿಂದ ನೇತಾಡುತ್ತಿತ್ತು, ಬೂದು ಕಾಲುಚೀಲ, ಎಡಗಾಲಿನ ಹಿಮ್ಮಡಿಯಲ್ಲಿ ಬೇರೆ ಬಣ್ಣದ ದಾರದಿಂದ ಹಾಕಿದ ತೇಪೆ.

ಹೃದಯ, ಎಂದರು ವೈದ್ಯರು, ಮೊದಲೇ ಕೆಟ್ಟಿತ್ತು, ಕತ್ತಲು, ಗಾಬರಿ, ಬೇಗ ತೆಗೆದಿದ್ದರೆ ಏನಾಗುತ್ತಿತ್ತೋ ಯಾರು ಹೇಳಬಲ್ಲರು. ಯಾರೂ ಹೇಳಲಾರರು, ಅವಳು ಆ ಮಾತಿನ ನೆರಳಲ್ಲೇ ಇಷ್ಟು ವರ್ಷ ಕೂತಳು. ಆದರೆ ವೈದ್ಯರು ಬರುವ ಮೊದಲು, ಪೊಲೀಸರು ಬರುವ ಮೊದಲು, ದೋನ್ ಚೆಲೆಸ್ತೀನೊಗೆ ಫೋನು ಮಾಡುವುದಕ್ಕೂ ಮೊದಲು, ಬೂಟು. ಬೂಟು ಹೊರಗಿದ್ದರೆ ಎಲ್ಲರೂ ಕೇಳುತ್ತಾರೆ, ಬೀಗ ಹಾಕುವಾಗ ಕಾಣಲಿಲ್ಲವೇ ಸಿನ್ಯೋರಾ, ಬೂಟು ಬಿಚ್ಚಿಟ್ಟು ಹತ್ತಿದವನು ಕದ್ದು ಹತ್ತುತ್ತಾನೆಯೇ, ಮೊಣಕಾಲೂರಿ ತೊಡಿಸಿದಳು, ಸತ್ತ ಕಾಲು ಬೂಟಿಗೆ ಸುಲಭವಾಗಿ ಇಳಿಯದು, ಪಾದ ಮಡಚದು, ಬೆರಳು ತೂರಿಸಿ ಎಳೆದಳು, ಲೇಸು ಕಟ್ಟಿದಳು, ಆಮೇಲೆ ಎದ್ದು, ಬೆವರು ಒರೆಸಿ, ಸರಪಳಿಯ ಕೊಂಡಿ ಹಾಕಿದಳು. ಹೂವಿನವನ ಜೊತೆ ಮಾತಾಡ್ತಿದ್ದೆ, ನನ್ನ ಕಣ್ಣು ತಪ್ಪಿಸಿ ನುಸುಳಿರಬೇಕು, ಮೂರು ಸಲ ಕೂಗಿದೆ, ಉತ್ತರ ಬರಲಿಲ್ಲ, ಎಂದಳು, ಬರೆದುಕೊಂಡರು, ಸಹಿ ಹಾಕಿದಳು, ಪತ್ರಿಕೆಯಲ್ಲಿ ಬಂತು, ಅನುಮತಿಯಿಲ್ಲದೆ ಹತ್ತಿದ ವೃದ್ಧನ ಸಾವು. ಆರು ವಾರದ ಮೇಲೆ ಗೊರಿಟ್ಸಿಯಾದಿಂದ ಕಾಗದ, ಎಡಕ್ಕೆ ವಾಲಿದ ಅಕ್ಷರ, ನಾನು ಅವರ ಮಗಳು ನೆರಿನಾ, ನಿಮ್ಮ ಮೇಲೆ ನನಗೆ ಯಾವ ದೂರೂ ಇಲ್ಲ ಸಿನ್ಯೋರಾ, ಒಂದೇ ಪ್ರಶ್ನೆ, ಅಪ್ಪ ಕೇಳಲಿಲ್ಲವೇ, ಅವರು ಜನ್ಮದಲ್ಲಿ ಒಂದು ಹಗ್ಗ ದಾಟಿದವರಲ್ಲ, ಮಕ್ಕಳಿಗೆ ಅದನ್ನೇ ಹೇಳಿಕೊಟ್ಟವರು, ನಲವತ್ತು ವರ್ಷ ಜೊತೆಗಿದ್ದೂ ಮನುಷ್ಯನ ಗುರುತು ಸಿಗಲಿಲ್ಲವಲ್ಲ ಎಂದು ಅಮ್ಮ ಹೇಳುತ್ತಾಳೆ, ಸಮಾಧಿಯ ಕಲ್ಲಿಗೆ ಫೋಟೋ ಕೂರಿಸಲು ಬಿಡುತ್ತಿಲ್ಲ, ಜನ ನೋಡಿ ನಗುತ್ತಾರೆ ಎನ್ನುತ್ತಾಳೆ, ಕೇಳಿದರು ಅಥವಾ ಕೇಳಲಿಲ್ಲ, ಅಷ್ಟು ಬರೆದರೆ ಸಾಕು. ಅಷ್ಟು ಬರೆದರೆ ಸಾಕಿತ್ತು. ನಾಲ್ಕು ವರ್ಷದ ಮೇಲೆ ಇನ್ನೊಂದು, ಎರಡೇ ಸಾಲು, ಅಮ್ಮ ಹೋದ ವಾರ ತೀರಿಕೊಂಡಳು, ಈಗ ಕೇಳುವವಳು ನಾನೊಬ್ಬಳೇ. ಆಮೇಲೆ ಬರಲಿಲ್ಲ. ಬ್ರೂನೊ ಆ ಕಾಗದಗಳನ್ನು ಓದಲಿಲ್ಲ, ಏನೂ ಕೇಳಲಿಲ್ಲ, ಆ ಅನ್ನವನ್ನು ಮಾತ್ರ ಮತ್ತೆಂದೂ ಮಾಡಲು ಹೇಳಲಿಲ್ಲ, ಮೊನ್ನೆ ಮೊನ್ನೆ ಎನ್ನುವ ಹಾಗಿದೆ, ಮೂರು ವರ್ಷವಾಯಿತು, ಆಸ್ಪತ್ರೆಯಲ್ಲಿ, ಅವನ ಕೊನೆಯ ವಾರ, ಮೂಗಿಗೆ ನಳಿಕೆ, ಮಧ್ಯಾಹ್ನದ ಹೊತ್ತು, ಅವಳು ಕಿತ್ತಳೆ ಸುಲಿಯುತ್ತಿದ್ದಳು, ಪಾರಿವಾಳ ಮೂರು ಸಲ ಬಡಿದು ಬಿಟ್ಟು ಮತ್ತೆ ಮೂರು ಸಲ ಬಡಿಯಲ್ಲ ವಿಲ್ಮಾ. ಅಷ್ಟೇ ಅಂದ. ಅವಳು ತೊಳೆ ಬಿಡಿಸಿ ಬಾಯಿಗಿಟ್ಟಳು, ತಿಂದ, ಇನ್ನೊಂದಕ್ಕೆ ಬಾಯಿ ತೆರೆದ.

ಇದೇನೋ ಹೊಸ ಹಲಗೆ ಹಾಕಿದಾರೆ, ಎಂದ ಬ್ರೆಷಾದವನು, ಚಿಕ್ಕ ಬಾಗಿಲ ಪಕ್ಕದಲ್ಲಿ, ವಿಲ್ಮಾ ನೋಡಿಯೇ ಇರಲಿಲ್ಲ, ಹಿಂದಿನ ದಿನ ಯಾರೋ ಕೆಲಸದವರು ಬಂದು ಕೀಲಿಕೈ ಇಸಿದುಕೊಂಡು ಹೋಗಿದ್ದರು, ತೂತು ಕೊರೆಯುವ ಸದ್ದು ಕೇಳಿತ್ತು, ಕಂಚಿನ ಬಣ್ಣದ ಫಲಕ, ಕೊರೆದ ಅಕ್ಷರ, ಅವನು ಜೋರಾಗಿ ಓದುತ್ತಿದ್ದಾನೆ, ಕಟ್ಟಿದ ವರ್ಷ, ಕಟ್ಟಿಸಿದವನ ಹೆಸರು, ಗುಮ್ಮಟದ ಅಳತೆ, ಕಡೆಗೆ, ಸಂದರ್ಶಕರೊಬ್ಬರು ಅನುಮತಿಯಿಲ್ಲದೆ ಪ್ರವೇಶಿಸಿ ಮೃತಪಟ್ಟ ಕಾರಣ ಈ ಮೆಟ್ಟಿಲನ್ನು ಮುಚ್ಚಲಾಗಿದೆ. ಕೆಂಪು ಟೋಪಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು, ಪಾಪ. ಪಾಪ ಏನು ಪಾಪ, ಎಂದ ಅವನು, ಕಳ್ಳ ಬೆಕ್ಕು, ಅವನೊಬ್ಬನ ದೆಸೆಯಿಂದ ಈಗ ನಮ್ಮಂಥ ಮರ್ಯಾದಸ್ಥರಿಗೂ ಮೇಲೆ ಹೋಗೋ ಹಾಗಿಲ್ಲ, ಅವನ ಫೋಟೋನೂ ಇಲ್ಲೇ ಹಾಕ್ಬೇಕಿತ್ತು, ಹೀಗೆ ಮಾಡ್ಬೇಡಿ ಅಂತ. ಕಾಗದದ ಮೇಲಿನ ಸುಳ್ಳು ಹಳದಿಯಾಗುತ್ತದೆ, ಪತ್ರಿಕೆಯಲ್ಲಿ ಮೀನಿನವನು ಮೀನು ಕಟ್ಟಿಕೊಡುತ್ತಾನೆ, ಇದು ಲೋಹ, ಇದನ್ನು ನಾಲ್ಕು ಮೊಳೆ ಹೊಡೆದು ಕೂರಿಸಿದ್ದಾರೆ, ಈ ಗೋಡೆ ಇರುವ ತನಕ ಇರುತ್ತದೆ, ಬಂದವರೆಲ್ಲ ಜೋರಾಗಿ ಓದುತ್ತಾರೆ, ಅವಳು ಕೀಲಿಕೈ ಹಿಡಿದು ಪಕ್ಕದಲ್ಲೇ ನಿಂತಿರುತ್ತಾಳೆ, ದಿನಕ್ಕೆ ಐದು ಸಲ, ಹತ್ತು ಸಲ, ನಾಳೆ, ನಾಳಿದ್ದು — ಅವರು ಕೇಳಿದ್ರು. ಏನಂದ್ರಿ ಸಿನ್ಯೋರಾ. ಅವರು ನನ್ನ ಕೇಳಿದ್ರು, ಹೋಗಿ ಅಂದವಳು ನಾನು, ಬೀಗ ಹಾಕಿದವಳೂ ನಾನು. ತನ್ನ ದನಿ ಗುಮ್ಮಟಕ್ಕೆ ಹೋಗಿ ಸುತ್ತಿ ತನ್ನ ಮೇಲೆಯೇ ಬಿದ್ದದ್ದನ್ನು ಅವಳು ಕೇಳಿದಳು, ಅವನು ತನ್ನ ಟೋಪಿ ತೆಗೆದ, ಯಾಕೆ ತೆಗೆದ, ಕೆಂಪು ಟೋಪಿಯವಳು ಅವನ ತೋಳು ಹಿಡಿದಳು, ನಡೀರಿ ಹೋಗೋಣ, ಎಂದಳು ಮೆಲ್ಲಗೆ, ಹೋಗುವಾಗ ಇಬ್ಬರೂ ಅವಳ ಮುಖ ನೋಡಲಿಲ್ಲ. ಹೊತ್ತು ಹನ್ನೊಂದೂಕಾಲು, ಇನ್ನೂ ಮುಚ್ಚುವ ಹೊತ್ತಲ್ಲ, ಮುಚ್ಚಿದಳು.

ಮನೆಗೆ ಹೋಗಿ ಕಪಾಟು ತೆಗೆದು ಲಕೋಟೆಯನ್ನು ಕೋಟಿನ ಒಳಗೆ ಇಟ್ಟುಕೊಂಡಳು, ಕೂರಲಿಲ್ಲ, ಕೂತರೆ ಆಯಿತು, ಕೂತರೆ ಕ್ರಿಸ್ಮಸ್ ಕಳೆಯಲಿ ಎನಿಸುತ್ತದೆ, ಮಂಜಿನೊಳಗೆ ಕಮಾನುಸಾಲಿನ ಗೋಡೆ ಸವರಿಕೊಂಡು ನಡೆದಳು, ಕಲ್ಲು ಒದ್ದೆ, ಎದುರಿಗೆ ಬಂದವರು ಕೊನೆಯ ಗಳಿಗೆಯಲ್ಲಿ ಮನುಷ್ಯರಾಗುತ್ತಾರೆ, ಅಲ್ಲಿಯವರೆಗೆ ಬರೀ ಹೆಜ್ಜೆ ಸದ್ದು. ಕೀಲಿಕೈ ಹೋಗುತ್ತದೆ, ಹೋಗಲಿ, ದೋನ್ ಚೆಲೆಸ್ತೀನೊ ಕೂಗಾಡುತ್ತಾರೆ, ಅಥವಾ ಕೂಗಾಡುವುದಿಲ್ಲ, ಅದು ಇನ್ನೂ ಕಷ್ಟ, ಪೊಲೀಸರು ಬಂದರೆ ಬರಲಿ, ಎಪ್ಪತ್ತೆರಡು ವರ್ಷದವಳನ್ನು ಎಲ್ಲಿಗೆ ಒಯ್ಯುತ್ತಾರೆ, ಒಯ್ದರೆ ಒಯ್ಯಲಿ, ಕಾಗದದಲ್ಲಿ ಎಲ್ಲ ಇದೆ, ಹೋಗಬಹುದಾ ಎಂದು ಕೇಳಿದ್ದು ಇದೆ, ಟೋಪಿ ಕೈಯಲ್ಲಿ ಹಿಡಿದದ್ದು ಇದೆ, ಬೂಟು ಇದೆ, ಐದು ನಿಮಿಷ ಇದೆ, ಕ್ಷಮಿಸಿ ಎಂಬ ಪದ ಬರೆದು ಹೊಡೆದುಹಾಕಿದ್ದಾಳೆ, ಅದನ್ನು ಕೇಳಲು ತನಗೇನು ಹಕ್ಕು. ತಂಬಾಕಿನಂಗಡಿಯ ಗೊಲ್ದೋನಿ ಸ್ಟಾಂಪು ಹರಿದು ಕೊಟ್ಟ, ಗೊರಿಟ್ಸಿಯಾನಾ, ಅಲ್ಯಾರಿದಾರೆ ನಿಂಗೆ, ಈ ವಯಸ್ಸಲ್ಲಿ ಯಾರನ್ನಾದ್ರೂ ಹುಡುಕ್ಕೊಂಡ್ಯಾ ಹೇಗೆ, ಎಂದ, ಅವಳು ಹೂಂ ಎಂದಳು, ಅವನ ನಗೆ ಅರ್ಧಕ್ಕೇ ನಿಂತಿತು. ಅಂಗಡಿಯ ಹೊರಗೆ ಗೋಡೆಯಲ್ಲಿ ಕೆಂಪು ಪೆಟ್ಟಿಗೆ, ಎರಡು ಬಾಯಿ, ಒಂದು ಊರಿನ ಕಾಗದಕ್ಕೆ, ಇನ್ನೊಂದು ಉಳಿದ ಊರುಗಳಿಗೆ, ಎರಡನೆಯದರಲ್ಲಿ ಲಕೋಟೆ ತೂರಿಸಿದಳು, ಅರ್ಧ ಒಳಗೆ, ಅರ್ಧ ಹೊರಗೆ, ಬೆರಳು ಬಿಡಲಿಲ್ಲ, ಗೊಲ್ದೋನಿ ಬಾಗಿಲಿಂದಲೇ, ಬಿಡು ವಿಲ್ಮಾ, ಅದು ಕಚ್ಚಲ್ಲ. ಬಿಟ್ಟಳು. ಒಳಗೆ ಬಿದ್ದ ಸದ್ದು, ಖಾಲಿ ತಗಡಿನ ಸದ್ದು, ಇವತ್ತು ಹಾಕಿದ ಮೊದಲನೆಯ ಕಾಗದ ಇದೇ ಇರಬೇಕು, ನಾಳೆ ಹೊರಡುತ್ತದೆ, ನಾಳಿದ್ದು ತಲುಪುತ್ತದೆ, ನೆರಿನಾ ಅದೇ ಮನೆಯಲ್ಲಿದ್ದಾಳೋ ಇಲ್ಲವೋ, ಇದ್ದಾಳೋ ಇಲ್ಲವೋ, ಮುಖ ಗೊತ್ತಿಲ್ಲ, ಎಷ್ಟು ಎಳೆದರೂ ಮುಖ ಬರುವುದಿಲ್ಲ, ಬರುವುದು ಕೈ ಮಾತ್ರ, ಎಡಕ್ಕೆ ವಾಲಿಸಿ ಬರೆಯುವ ಕೈ, ಪೆನ್ಸಿಲಿಗೆ ದಾರ ಕಟ್ಟಿದ ಕೈ, ಅದು ಬಾಗಿಲ ಬಳಿ ಬಾಗಿ ಲಕೋಟೆ ಎತ್ತಿಕೊಳ್ಳುತ್ತದೆ, ಹಿಂಬದಿಗೆ ತಿರುಗಿಸಿ ಕಳಿಸಿದವರ ಹೆಸರು ಓದುತ್ತದೆ, ಹೆಸರು ಓದಿ ನಿಲ್ಲುತ್ತದೆ, ಇನ್ನು ತೆರೆಯಬೇಕು, ತೆರೆಯುವುದಿಲ್ಲ, ಮತ್ತೆ ಬಾಗುತ್ತದೆ, ಎತ್ತಿಕೊಳ್ಳುತ್ತದೆ, ತಿರುಗಿಸುತ್ತದೆ, ನಿಲ್ಲುತ್ತದೆ, ಆ ಕೈ, ಲಕೋಟೆ ಹಿಡಿದು ಹಾಗೇ ನಿಂತ ಕೈ